ಬಿ.ಎಚ್. ರಸ್ತೆಯಲ್ಲಿ ಅಮ್ಮನ ಜೊತೆ

ತುಮಕೂರಿನ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಬಿ.ಎಚ್. ರಸ್ತೆ. ಬೆಂಗಳೂರು–ಹೊನ್ನಾವರ ರಸ್ತೆ ಎಂಬುದರ ಗಿಡ್ಡ ಹೆಸರು ಅದು. ಗುಬ್ಬಿಗೆ ಹೋದರೂ, ತಿಪಟೂರಿಗೆ ಹೋದರೂ, ಭದ್ರಾವತಿ, ಶಿವಮೊಗ್ಗ, ಸಾಗರಕ್ಕೆ ಹೋದರೂ ಊರಿನ ದೊಡ್ಡ ಬೀದಿಗೆ ಅದೇ ಹೆಸರು. ಅಂಗಡಿಗಳ ಬೋರ್ಡಿನ ಕೆಳಸಾಲಿನಲ್ಲಿ ‘ಬಿ.ಎಚ್. ರಸ್ತೆ’ ಎಂದು ಓದಿದಾಗಲೆಲ್ಲ ಪರವೂರಿನಲ್ಲೂ ನಮ್ಮ ಬೀದಿಯ ಯಾರೋ ಸಿಕ್ಕಂತೆ ನನಗೆ ಖುಷಿಯಾಗುತ್ತದೆ.

ಅಮ್ಮನಿಗೆ ಈಗ ಅರವತ್ತೆಂಟು. ಮದುವೆಯಾಗಿ ಬಂದಾಗಿನಿಂದ ಈ ರಸ್ತೆಯ ಪಕ್ಕದಲ್ಲೇ ಬದುಕಿದವಳು ಅರಸೀಕೆರೆಯಿಂದ ಆಚೆಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಒಂದು ಮದುವೆ, ಎರಡು ತಿಥಿ, ಒಮ್ಮೆ ಚಿಕ್ಕಮ್ಮನ ಬಾಣಂತನ. ಪ್ರತಿ ಸಲವೂ ಯಾರೋ ಕರೆದುಕೊಂಡು ಹೋದರು, ಯಾರೋ ಕರೆತಂದರು. ಅವಳಾಗಿಯೇ ಒಂದು ಊರಿನ ಹೆಸರು ಹೇಳಿ ‘ಅಲ್ಲಿಗೆ ಹೋಗಬೇಕು’ ಎಂದದ್ದನ್ನು ನಾನು ಕೇಳಿದ್ದೇ ಇಲ್ಲ. 2025ರ ನವೆಂಬರಿನ ಕೊನೆಗೆ ಅವಳೇ ಫೋನ್ ಮಾಡಿದಳು.

“ಸಿಗಂದೂರಿಗೆ ಸೇತುವೆ ಆಗಿದೆಯಂತಲ್ಲ. ಎರಡು ದಿನ ರಜೆ ಹಾಕಿ ಬಾ, ಹೋಗೋಣ. ಕಾರು ಬೇಡ. ಬಸ್ಸಿನಲ್ಲಿ ಹೋಗೋಣ, ಬೇಕೆನಿಸಿದ ಕಡೆ ಇಳಿಯೋಣ.”

ಬೇಕೆನಿಸಿದ ಕಡೆ ಇಳಿಯುವುದು ಎಂಥ ದೊಡ್ಡ ಮಾತು ಎಂಬುದು ಮರುದಿನ ಕುಳಿತು ಯೋಚಿಸಿದಾಗ ಹೊಳೆಯಿತು. ಶಿವಮೊಗ್ಗಕ್ಕೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರು ಶಿವಮೊಗ್ಗದಲ್ಲೇ ಇಳಿಯಬೇಕು. ನಡುವೆ ಇಳಿದರೆ ಕೊಟ್ಟ ಹಣ ಹೋಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. ಗುಬ್ಬಿಯಲ್ಲಿ ಇಳಿದು ಮತ್ತೆ ಹತ್ತಿದರೂ ಶೂನ್ಯ, ತಿಪಟೂರಿನಲ್ಲಿ ಇಳಿದು ಹತ್ತಿದರೂ ಶೂನ್ಯ. ಅಮ್ಮ ಈ ಲೆಕ್ಕವನ್ನು ನನಗಿಂತ ಎಷ್ಟೋ ಮೊದಲೇ ಮಾಡಿಟ್ಟಿದ್ದಳು.

ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಕೆಂಪು ಬಸ್ಸು ಹತ್ತಿದೆವು. ಕಂಡಕ್ಟರ್ ಬರುವ ಮೊದಲೇ ಅಮ್ಮ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಪ್ಲಾಸ್ಟಿಕ್ ಹೊದಿಸಿದ ಕಾರ್ಡು, ಮೂಲೆಗಳು ಸವೆದು ಬಿಳಿಯಾಗಿವೆ. ಯಂತ್ರದಿಂದ ಚೀಟಿ ಹೊರಬಂದದ್ದೇ ಅದನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ ಬಳೆಯ ಸಂದಿಗೆ ಸಿಕ್ಕಿಸಿದಳು. ತಪಾಸಣೆಯವರು ಬಂದರೆ ಹುಡುಕುವ ಗೋಜಿಲ್ಲ ಎಂದಳು. ಬಸ್ಸಿನಲ್ಲಿ ಸುತ್ತ ನೋಡಿದರೆ ಇನ್ನೂ ಮೂವರು ಹೆಂಗಸರ ಬಳೆಗಳಲ್ಲಿ ಅದೇ ಬಗೆಯ ಚೀಟಿಗಳು.

ಗುಬ್ಬಿ ಬರುವಷ್ಟರಲ್ಲಿ ಅಮ್ಮ ನಮ್ಮ ಅಜ್ಜನ ಕಥೆ ಹೇಳತೊಡಗಿದಳು. ಅಜ್ಜ ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳನ್ನು ಕಂಡವರು. ರಂಗದ ಮೇಲೆ ನಿಜವಾದ ಆನೆ, ಕುದುರೆ ಬಂದದ್ದನ್ನು ಸಾಯುವತನಕ ಹೇಳುತ್ತಿದ್ದರಂತೆ. ಡಾ. ರಾಜ್‌ಕುಮಾರ್ ಹುಡುಗನಾಗಿ ಬಣ್ಣ ಹಚ್ಚಿದ್ದೂ ಅದೇ ಕಂಪನಿಯಲ್ಲಿ. ಅವರ ತಂದೆ ಪುಟ್ಟಸ್ವಾಮಯ್ಯನವರೂ ಅಲ್ಲಿನ ನಟರೇ. ನಮ್ಮ ಬಸ್ಸಿನ ಚಾಲಕರ ಮುಂದೆ ಗಾಜಿಗೆ ಅಂಟಿಸಿದ್ದ ಅಪ್ಪುವಿನ ಚಿತ್ರವನ್ನು ಅಮ್ಮ ಆಗ ತೋರಿಸಿದಳು. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ನಾಲ್ಕು ವರ್ಷ ಕಳೆದರೂ ಈ ರಸ್ತೆಯಲ್ಲಿ ಆಟೋದ ಬೆನ್ನ ಮೇಲೆ, ಎಳನೀರಿನ ಗಾಡಿಯ ಮೇಲೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟಗಳ ಸಾಲಿನಲ್ಲಿ ಅದೇ ನಗುಮುಖ. ಗುಬ್ಬಿಯ ಡೇರೆಯಿಂದ ಆಟೋದ ಬೆನ್ನಿನವರೆಗೆ ಒಂದೇ ಮನೆತನವನ್ನು ನಾಡು ಇಷ್ಟು ಕಾಲ ಎದೆಯಲ್ಲಿ ಇಟ್ಟುಕೊಂಡಿದೆ. ಅಮ್ಮ ಆ ಚಿತ್ರಕ್ಕೆ ಕೈ ಮುಗಿಯಲಿಲ್ಲ. “ಮಗು,” ಎಂದಳು ಅಷ್ಟೆ.

ತುಮಕೂರಿನಿಂದ ಶಿವಮೊಗ್ಗದವರೆಗೆ ಹೆದ್ದಾರಿಯನ್ನು ಚತುಷ್ಪಥ ಮಾಡುತ್ತಿದ್ದಾರೆ. ಕಾರಿನವರಿಗೆ ಬೈಪಾಸ್ ಇದೆ. ಅವರು ಊರುಗಳನ್ನು ನೋಡದೆಯೇ ಊರುಗಳನ್ನು ದಾಟುತ್ತಾರೆ. ನಮ್ಮ ಬಸ್ಸು ಮಾತ್ರ ಹೆದ್ದಾರಿ ಬಿಟ್ಟು ಪ್ರತಿ ಊರಿನ ಒಳಗೆ ನುಗ್ಗಿ, ಹಳೆಯ ಬಿ.ಎಚ್. ರಸ್ತೆಯಲ್ಲಿ ಹೂವಿನ ಬುಟ್ಟಿಗಳಿಗೆ ಒರೆಸಿಕೊಂಡು ನಿಲ್ದಾಣ ಸೇರುತ್ತಿತ್ತು. ಅಮ್ಮನಿಗೆ ಬೇಕಾದದ್ದು ಅದೇ.

ತಿಪಟೂರಿನಲ್ಲಿ ಇಳಿದೆವು. ಕಾರಣ ಕೊಬ್ಬರಿ. ನಿಲ್ದಾಣದ ಹತ್ತಿರದ ಒಂದು ಅಂಗಡಿಯಲ್ಲಿ ಉಂಡೆ ಕೊಬ್ಬರಿಯ ಮೂಟೆ ಬಿಚ್ಚಿಟ್ಟಿದ್ದರು. ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷದ ಮಟ್ಟಿಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಾಗಿ ನಿಲ್ಲುತ್ತದೆ. ಅಂಗಡಿಯವರು ಇನ್ನೂ ಒಡೆಯದ ಒಂದು ಕಾಯನ್ನು ಅಮ್ಮನ ಕೈಗೆ ಕೊಟ್ಟರು. ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಡಗಡ ಸದ್ದು. ಕಣ್ಣು ಮುಚ್ಚಿ ಮತ್ತೊಮ್ಮೆ ಅಲ್ಲಾಡಿಸಿ, “ಒಂದೇ ಕಡೆ ಬಡಿಯುತ್ತಿದೆ, ಇನ್ನೂ ಹದಿನೈದು ದಿನ ಬೇಕು,” ಎಂದಳು. ಅಂಗಡಿಯವರು ಅದನ್ನು ತೆಗೆದುಕೊಂಡು ತಾವೂ ಅಲ್ಲಾಡಿಸಿ ನೋಡಿ, “ಹೌದು ಕಣಮ್ಮ,” ಎಂದು ಪಕ್ಕಕ್ಕಿಟ್ಟರು. ಅಮ್ಮನ ತವರಿನಲ್ಲಿ ತೆಂಗಿನ ತೋಟವಿತ್ತು. ಅವಳಿಗೆ ಈ ವಿದ್ಯೆ ಇದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕಾಯಿಗೆ ಒಳ್ಳೆಯ ಬೆಲೆ ಬಂದ ವರ್ಷ ಅದು. ಆದರೆ ರೋಗದಿಂದ ಮರಗಳಲ್ಲಿ ಕಾಯಿಯೇ ಕಡಿಮೆ ಎಂದು ಅಂಗಡಿಯವರು ನಿಟ್ಟುಸಿರುಬಿಟ್ಟರು. ಕಾಲು ಕಿಲೋ ಕೊಂಡು ಮತ್ತೊಂದು ಬಸ್ಸು ಹತ್ತಿದೆವು.

ಅರಸೀಕೆರೆಯಿಂದ ಕಡೂರಿನವರೆಗಿನ ಪ್ರಯಾಣದಲ್ಲಿ ಬಸ್ಸು ತುಂಬಿತು, ಅದರೊಂದಿಗೆ ಮಾತೂ ತುಂಬಿತು. ಅದು ರಾಜ್ಯವೆಲ್ಲ ಇಡ್ಲಿಯ ಬಗ್ಗೆ ಮಾತನಾಡುತ್ತಿದ್ದ ವಾರ. ಮುಖ್ಯಮಂತ್ರಿ ಕುರ್ಚಿಯ ಗೊಂದಲದ ನಡುವೆ ನವೆಂಬರ್ 29ರಂದು ಸಿದ್ದರಾಮಯ್ಯನವರ ಮನೆಯಲ್ಲಿ ಡಿ.ಕೆ. ಶಿವಕುಮಾರ್ ಅವರಿಗೆ ಉಪಾಹಾರ, ಡಿಸೆಂಬರ್ 2ರಂದು ಶಿವಕುಮಾರ್ ಅವರ ಮನೆಯಲ್ಲಿ ಸಿದ್ದರಾಮಯ್ಯನವರಿಗೆ ಉಪಾಹಾರ. ಎರಡನೆಯ ಮನೆಯಲ್ಲಿ ಇಡ್ಲಿಯ ಜೊತೆ ನಾಟಿಕೋಳಿ ಸಾರು. ಕುರ್ಚಿ ಯಾರಿಗೆ ಎಂಬುದನ್ನು ಗಂಡಸರು ಹಿಂದಿನ ಸೀಟುಗಳಲ್ಲಿ ಜೋರಾಗಿ ತೀರ್ಮಾನಿಸುತ್ತಿದ್ದರು. ಮುಂದಿನ ಸೀಟುಗಳಲ್ಲಿ ಹೆಂಗಸರ ಚರ್ಚೆ ಬೇರೆ. ನಾಟಿಕೋಳಿ ಸಾರಿಗೆ ಮುದ್ದೆಯನ್ನು ಬಿಟ್ಟು ಇಡ್ಲಿ ಹೇಗೆ ಹೊಂದುತ್ತದೆ? ಬಾಣಾವರದಲ್ಲಿ ಹತ್ತಿದ ಒಬ್ಬ ಅಜ್ಜಿ ಖಡಾಖಂಡಿತವಾಗಿ ಹೇಳಿದರು: “ಹೊಂದುತ್ತದಮ್ಮ. ಸಾರು ತೆಳ್ಳಗಿರಬೇಕು, ಇಡ್ಲಿ ಬಿಸಿ ಇರಬೇಕು.” ಅಲ್ಲಿಗೆ ಆ ಚರ್ಚೆ ಮುಗಿದು, ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಬಂತು, ಯಾವ ತಿಂಗಳದ್ದು ಬಾಕಿ ಎಂಬ ವಿಚಾರ ಎದ್ದಿತು. ಪ್ರತಿಯೊಬ್ಬರಿಗೂ ತಮ್ಮ ಕಂತಿನ ಲೆಕ್ಕ ಬಾಯಿಪಾಠ. ಕಾಲೇಜಿನ ಇಬ್ಬರು ಹುಡುಗಿಯರು ಮಾತ್ರ ಹಿಂದಿನ ರಾತ್ರಿಯ ಬಿಗ್‌ಬಾಸ್‌ನಲ್ಲಿ ತಪ್ಪು ಯಾರದು ಎಂದು ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ಜಗಳವಾಡುತ್ತಿದ್ದರು.

ಕಡೂರಿಗೆ ಸ್ವಲ್ಪ ಮೊದಲು ಒಬ್ಬ ಹಿರಿಯರು, ಕೈಯಲ್ಲಿ ಗೊಬ್ಬರದ ಚೀಲದ ಸಂಚಿ, ಕಂಬಿ ಹಿಡಿದು ನಿಂತವರು, ಬೇಸರದಿಂದ ಹೇಳಿದರು: “ದುಡ್ಡು ಕೊಟ್ಟವನು ನಿಂತಿದ್ದೇನೆ.” ಬಸ್ಸು ಒಂದು ಕ್ಷಣ ಮೌನವಾಯಿತು. ಅರ್ಧದಷ್ಟು ಸೀಟು ಗಂಡಸರಿಗೆ ಎಂದು ಯೋಜನೆಯ ಆರಂಭದಲ್ಲೇ ಸರ್ಕಾರ ಹೇಳಿತ್ತು. ತುಂಬಿದ ಬಸ್ಸಿನಲ್ಲಿ ಅದನ್ನು ಎಣಿಸುವವರು ಯಾರು? 2025ರ ಜನವರಿಯಲ್ಲಿ ಟಿಕೆಟ್ ದರವೂ ಶೇ 15ರಷ್ಟು ಏರಿತು; ಅದರ ಭಾರ ಅವರಂಥವರ ಮೇಲೆಯೇ. ಅವರ ಮಾತು ಸುಳ್ಳಲ್ಲ. ಬಸ್ಸಿನ ಸಂಖ್ಯೆ ಹೆಚ್ಚಾಗದ ಹೊರತು ಈ ಕಂಬಿ ಹಿಡಿದವರ ನೋವಿಗೆ ಪರಿಹಾರವಿಲ್ಲ ಎಂದು ನಾನು ನಂಬುತ್ತೇನೆ. ಬಾಣಾವರದ ಅಜ್ಜಿ ಪಕ್ಕಕ್ಕೆ ಸರಿದು ಸೀಟಿನ ತುದಿಯಲ್ಲಿ ಅವರಿಗೆ ಜಾಗ ಮಾಡಿದರು. ಅವರು ಕೂತರು. ಎರಡು ನಿಮಿಷದಲ್ಲಿ ಇಬ್ಬರೂ ರಾಗಿ ಕೊಯ್ಲಿನ ಮಾತಿಗೆ ಇಳಿದಿದ್ದರು.

ಬೀರೂರು, ತರೀಕೆರೆ ನಿದ್ದೆಯಲ್ಲಿ ಹೋದವು. ಎಚ್ಚರವಾದದ್ದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಚಿಮಣಿಗಳು ಹೊಗೆಯಿಲ್ಲದೆ ನಿಂತಿದ್ದವು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭವಾದ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದಿದ್ದರು. ಇದೇ ಊರಿನ ಕಾಗದದ ಕಾರ್ಖಾನೆಯ ಹಾಳೆಯ ಮೇಲೆ ನಾಡಿನ ಪತ್ರಿಕೆಗಳು ಅಚ್ಚಾಗುತ್ತಿದ್ದವು. ಅದೂ ನಿಂತು ವರ್ಷಗಳಾದವು. ನಮ್ಮ ಹಿಂದೆ ಕುಳಿತಿದ್ದ ನಿವೃತ್ತ ಕಾರ್ಮಿಕರೊಬ್ಬರು ಕಿಟಕಿಯಾಚೆ ಬೆರಳು ತೋರಿಸಿ ಮೊಮ್ಮಗನಿಗೆ ಹೇಳುತ್ತಿದ್ದರು, “ಅಲ್ಲಿ ಸೈರನ್ ಕೂಗಿದರೆ ಊರಿಗೆಲ್ಲ ಗಂಟೆ ಗೊತ್ತಾಗುತ್ತಿತ್ತು.”

ರಾತ್ರಿ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆ. ಊಟದ ಹೊತ್ತಿಗೆ ಚಿಕ್ಕಪ್ಪ ತಮ್ಮ ಜಿಲ್ಲೆ ನಾಡಿಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ ಎಂದು ಬೆರಳು ಮಡಚಿ ಎಣಿಸಿದರು: ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ಪಟೇಲರ ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದೆ ಎಂದು ಚಿಕ್ಕಮ್ಮ ತಿದ್ದಿದರು. “ಆಗ ನಮ್ಮದೇ ಆಗಿತ್ತು,” ಎಂದು ಚಿಕ್ಕಪ್ಪ ಬೆರಳನ್ನು ಮಡಚಿಕೊಂಡೇ ಇದ್ದರು.

ಬೆಳಿಗ್ಗೆ ಸಾಗರದ ಬಸ್ಸು. ಆನಂದಪುರ ದಾಟಿದ ಮೇಲೆ ಗಾಳಿಯೇ ಬದಲಾಯಿತು. ಅಡಿಕೆ ಕೊಯ್ಲಿನ ಕಾಲ. ಅಂಗಳಗಳಲ್ಲಿ ಬೇಯಿಸಿದ ಅಡಿಕೆ ಹರವಿದ್ದರು. ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ಭತ್ತ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ ಅದು ಹುಟ್ಟಿದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಕೊಳಗ ಎಷ್ಟು ದೊಡ್ಡದಿತ್ತು?”

ಸಾಗರದಿಂದ ಸಿಗಂದೂರಿನ ದಾರಿಯಲ್ಲಿ ನಮಗೆ ಆ ಹೊತ್ತಿಗೆ ಸಿಕ್ಕಿದ್ದು ಖಾಸಗಿ ಬಸ್ಸು. ಮಲೆನಾಡಿನಲ್ಲಿ ಮೊದಲಿನಿಂದಲೂ ಹಳ್ಳಿಗಳನ್ನು ಬೆಸೆದವರು ಖಾಸಗಿ ಬಸ್ಸಿನವರೇ. ಅಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ; ಹಾಗಾಗಿ ಈ ಭಾಗದ ಎಷ್ಟೋ ಹೆಂಗಸರಿಗೆ ಶಕ್ತಿ ಯೋಜನೆ ಪತ್ರಿಕೆಯಲ್ಲಿ ಓದುವ ಸುದ್ದಿಯಾಗಿಯೇ ಉಳಿದಿದೆ. ಕಂಡಕ್ಟರ್ ಹುಡುಗ ಬಂದಾಗ ನಾನು ಮೊಬೈಲ್ ತೆಗೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ತಡೆದಳು. ಸೊಂಟದ ಎಲೆಯಡಿಕೆ ಚೀಲದಿಂದ ನಾಲ್ಕಾಗಿ ಮಡಚಿದ ನೋಟು ತೆಗೆದು, “ಎರಡು ಸಿಗಂದೂರು,” ಎಂದಳು. ಆ ಧ್ವನಿ ನನಗೆ ಹೊಸದು. ಕಂಡಕ್ಟರ್‌ಗೆ ಊರಿನ ಹೆಸರನ್ನು ಹೇಳುವವರು ನಮ್ಮ ಮನೆಯಲ್ಲಿ ಯಾವಾಗಲೂ ಅಪ್ಪ ಅಥವಾ ಅಣ್ಣ.

“ಗೃಹಲಕ್ಷ್ಮಿ ದುಡ್ಡು. ಈ ಟಿಕೆಟ್ ನನ್ನದು,” ಎಂದು ಕಿಟಕಿಯ ಕಡೆ ತಿರುಗಿದಳು.

ಚಿಲ್ಲರೆ ಇರಲಿಲ್ಲ. ಹುಡುಗ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟ. ಇಳಿಯುವವರೆಗೂ ಅಮ್ಮ ಆ ಬಾಕಿಯನ್ನು ಮರೆಯಲಿಲ್ಲ, ಅವನೂ ಮರೆಯಲಿಲ್ಲ.

ಆವಿನಹಳ್ಳಿ ದಾಟಿ ಹೊಳೆಬಾಗಿಲು ಬಂತು. ಕಾಡಿನ ತಿರುವು ಮುಗಿಯುತ್ತಿದ್ದಂತೆ ಎದುರಿಗೆ ನೀರೋ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಊರುಗಳು ಮುಳುಗಿದವು, ಉಳಿದ ಊರುಗಳು ದ್ವೀಪದಂತಾದವು. ನಾಡಿಗೆ ಬೆಳಕು ಬಂತು. ಕೊಟ್ಟವರಿಗೆ ಒಂದು ಸೇತುವೆ ಬರಲು ಅರವತ್ತು ವರ್ಷ ಹಿಡಿಯಿತು. ಈ ಮಾತನ್ನು ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಪಕ್ಕದ ಸೀಟಿನ ತುಮರಿ ಕಡೆಯ ಹೆಂಗಸು ಹೇಳಿದರು: “ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಈ ದಡದಲ್ಲೇ ರಾತ್ರಿ. ನನ್ನ ದೊಡ್ಡ ಮಗನ ಹೆರಿಗೆಗೆ ನಾನು ಒಂದು ತಿಂಗಳು ಮೊದಲೇ ಸಾಗರಕ್ಕೆ ಬಂದು ಕುಳಿತಿದ್ದೆ. ನೋವು ಬಂದ ಮೇಲೆ ಹೊಳೆ ಕಾಯುತ್ತದೆಯೇ?”

ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ನಡುವಿನ ಕಂಬಗಳಿಂದ ಬೀಸಣಿಗೆಯಂತೆ ಇಳಿದ ತಂತಿಗಳು, ಎರಡೂ ಬದಿಗೆ ತುಂಬಿದ ಹಿನ್ನೀರು. ಕೇಂದ್ರ ಸಚಿವ ನಿತಿನ್ ಗಡ್ಕರಿ ಇದನ್ನು ಉದ್ಘಾಟಿಸಿದ್ದು 2025ರ ಜುಲೈ 14ರಂದು. ಆಹ್ವಾನದ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು ಮುಖ್ಯಮಂತ್ರಿಗಳು ಬರಲಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಅವರು ಶಕ್ತಿ ಯೋಜನೆಯ 500ನೇ ಕೋಟಿ ಟಿಕೆಟ್ಟನ್ನು ಮಹಿಳೆಯೊಬ್ಬರಿಗೆ ಕೊಟ್ಟು ಸಂಭ್ರಮಿಸಿದರು. ಒಂದೇ ದಿನ ಎರಡು ಪಕ್ಷಗಳ ಎರಡು ಹಬ್ಬ. ನನ್ನ ಅಮ್ಮನಿಗೆ ಎರಡೂ ಬೇಕಾಗಿದ್ದವು. ಒಂದು ಸಾಗರದವರೆಗೆ ತಂದಿತು, ಇನ್ನೊಂದು ನೀರು ದಾಟಿಸಿತು.

ದಾಟಲು ಹಿಡಿದದ್ದು ಕೆಲವೇ ನಿಮಿಷ. ಅಷ್ಟೂ ಹೊತ್ತು ತುಮರಿಯ ಹೆಂಗಸು ಮಾತು ನಿಲ್ಲಿಸಿ ನೀರನ್ನೇ ನೋಡುತ್ತಿದ್ದರು. ದಿನವೂ ಓಡಾಡುವವರು ಅವರು.

ಚೌಡೇಶ್ವರಿಯ ದರ್ಶನ ಬೇಗ ಆಯಿತು, ಪ್ರಸಾದದ ಊಟವೂ ಆಯಿತು. ಮಧ್ಯಾಹ್ನ ಸಾಗರದ ನಿಲ್ದಾಣಕ್ಕೆ ಮರಳಿದಾಗ ಎದುರಿಗೆ ಹೊನ್ನಾವರದ ಕೆಂಪು ಬಸ್ಸು ನಿಂತಿತ್ತು. ಅಮ್ಮ ಬೋರ್ಡನ್ನು ನಿಧಾನವಾಗಿ ಓದಿದಳು.

“ನಮ್ಮ ರಸ್ತೆ ಮುಗಿಯುವುದು ಅಲ್ಲಿ ತಾನೆ?”

“ಹೌದಮ್ಮ. ಅಲ್ಲಿ ಸಮುದ್ರ. ಆದರೆ ನಾಳೆ ನನಗೆ ಕಚೇರಿ ಇದೆ.”

“ನಿನ್ನನ್ನು ಯಾರು ಕರೆದರು? ಮುಂದಿನ ತಿಂಗಳು ನಾನೂ ಚಿಕ್ಕಮ್ಮನೂ ಬರುತ್ತೇವೆ.”

ನೀರಿನ ಬಾಟಲಿ ತುಂಬಿಸಿಕೊಂಡು ನಾನು ಹಿಂದಿರುಗುವಷ್ಟರಲ್ಲಿ ಅಮ್ಮ ಆ ಬಸ್ಸಿನ ಬಾಗಿಲಲ್ಲಿ ನಿಂತು, ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ, ಘಟ್ಟ ಇಳಿಯುವಾಗ ಯಾವ ಬದಿಗೆ ಕುಳಿತರೆ ಹೊಳೆ ಕಾಣುತ್ತದೆ ಎಂದು ಕಂಡಕ್ಟರ್‌ ಅವರನ್ನು ವಿಚಾರಿಸುತ್ತಿದ್ದಳು.