ಮೊದಲು ಪ್ಲೇಟೋ, ಕಾಂಟ್ ಆಮೇಲೆ

ಮಣಿಪಾಲದಲ್ಲಿ ಓದುವ ಅಕ್ಕನ ಮಗಳು ಪಾಶ್ಚಾತ್ಯ ತತ್ವಶಾಸ್ತ್ರ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. ದಪ್ಪ ಇತಿಹಾಸದ ಪುಸ್ತಕ ಈಗಲೇ ಬೇಡ ಎಂದೆ. ಅದರಲ್ಲಿ ಹೆಸರುಗಳೇ ಜಾಸ್ತಿ, ವಾದದ ಬಿಸಿ ತಟ್ಟುವುದಿಲ್ಲ.

ಮೊದಲು ಗ್ರೀಕ್ ತತ್ವಜ್ಞಾನಿ ಪ್ಲೇಟೋನ ‘ಯೂಥಿಫ್ರೋ’ ಎಂಬ ಚಿಕ್ಕ ಸಂವಾದ ಓದಬೇಕು. ಒಂದು ಸಂಜೆ ಸಾಕು. ಯೂಥಿಫ್ರೋ ತನ್ನ ಅಪ್ಪನ ಮೇಲೆಯೇ ಕೊಲೆ ಆರೋಪ ಹೊರಿಸಲು ಬಂದವನು. ತಾನು ಮಾಡುತ್ತಿರುವುದೇ ಧರ್ಮ ಎಂದು ಅವನಿಗೆ ಖಾತ್ರಿ. ಪ್ಲೇಟೋನ ಗುರು ಸಾಕ್ರಟೀಸ್ ಅವನನ್ನು ಹಿಡಿದು ನಿಲ್ಲಿಸಿ ಕೇಳುತ್ತಾನೆ: ದೇವತೆಗಳು ಮೆಚ್ಚುವುದರಿಂದ ಅದು ಧರ್ಮವೋ, ಧರ್ಮವಾಗಿರುವುದರಿಂದ ದೇವತೆಗಳು ಮೆಚ್ಚುತ್ತಾರೋ? ನಾನು ಇದನ್ನು ಓದಿದ್ದು ಉಡುಪಿಯ ರಥಬೀದಿಯಲ್ಲಿ ಕೂತು. ಸುತ್ತ ಅಷ್ಟಮಠಗಳು. ಮಧ್ವಾಚಾರ್ಯರು ವಾದ ಮಾಡಿಯೇ ಮತ ಕಟ್ಟಿದ ಈ ಊರಿನಲ್ಲಿ ಆ ಪ್ರಶ್ನೆ ಹೊರಗಿನದು ಅನ್ನಿಸಲೇ ಇಲ್ಲ.

ಅದಾದ ಮೇಲೆ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ‘ಮೆಡಿಟೇಶನ್ಸ್’, 1641ರದ್ದು. ಆರೇ ಭಾಗ. ಎಲ್ಲವನ್ನೂ ಅನುಮಾನಿಸುತ್ತಾ ಹೋಗುವ ಮೊದಲ ಭಾಗವನ್ನು ಎರಡು ಸಲ ಓದಬೇಕು. ಒಪ್ಪಿಗೆಯಾಗದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಕಾರಣ ಬರೆಯಬೇಕು. ಸುಮ್ನೆ ಗೆರೆ ಎಳೆದರೆ ಪ್ರಯೋಜನವಿಲ್ಲ.

ಆಮೇಲೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್. ಜರ್ಮನಿಯ ಕಾಂಟ್‌ಗೆ ಅವಸರ ಬೇಡ. 1781ರ ಅವನ ದೊಡ್ಡ ಗ್ರಂಥ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಓದುಗರಿಗೆ ಕಷ್ಟವಾಯಿತು ಅಂತಲೇ ಅಲ್ವಾ, 1783ರಲ್ಲಿ ಅವನೇ ‘ಪ್ರೊಲೆಗೊಮೆನಾ’ ಎಂಬ ಚಿಕ್ಕ ಪುಸ್ತಕ ಬರೆದದ್ದು? ಅದರಿಂದಲೇ ಶುರು ಮಾಡಲಿ.