ವಕೀಲರು ಎಂಎಲ್‌ಎ ಆದರೆ ಜನರಿಗೇನು ಲಾಭ?

ಕೋರ್ಟಿನ ಕಾರಿಡಾರಿನಲ್ಲಿ ಕಕ್ಷಿದಾರರು ಕೇಳುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಚುನಾವಣೆ ಹತ್ತಿರ ಬಂತೆಂದರೆ ನನ್ನ ಜೂನಿಯರ್‌ಗಳೂ ಬಿಡುವುದಿಲ್ಲ. "ಸರ್, ಇಷ್ಟೊಂದು ಜನ ವಕೀಲರು ಎಂಎಲ್‌ಎ ಆಗ್ತಾರಲ್ಲ, ಅದರಿಂದ ನಮಗೇನು ಲಾಭ?"

ಕೇಳಬೇಕಾದ ಪ್ರಶ್ನೆಯೇ. ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿಗಳನ್ನೇ ನೋಡಿ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್. ಸಾಲಾಗಿ ಎಲ್ಲರೂ ಕಾನೂನು ಓದಿದವರು. ಆ ಸಾಲು ಮುರಿದದ್ದು ದೇವರಾಜ ಅರಸು. ಅವರು ಬೇಸಾಯದಿಂದ ಬಂದವರು. ಗೇಣಿದಾರರನ್ನು ಹೊಲದ ಒಡೆಯರನ್ನಾಗಿ ಮಾಡಿದ ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿ ಬಂದದ್ದು ಅವರ ಕಾಲದಲ್ಲೇ. ಹಾಗಾಗಿ ಎಲ್‌ಎಲ್‌ಬಿ ಇದ್ದರೆ ಒಳ್ಳೇ ಶಾಸಕ ಆಗ್ತಾನೆ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಮ್ಮ ಸಂವಿಧಾನವೂ ಶಾಸಕರಾಗುವವರಿಂದ ಯಾವ ಡಿಗ್ರಿಯನ್ನೂ ಕೇಳುವುದಿಲ್ಲ. ಈ ದೇಶದ ಪ್ರಜೆಯಾಗಿದ್ದು 25 ತುಂಬಿದ್ದರೆ ವಿಧಾನಸಭೆಗೆ ನಿಲ್ಲಬಹುದು.

ಆದರೂ ಲಾಭ ಇದೆ ಅಂತಲೇ ನನ್ನ ಉತ್ತರ. ಯಾಕೆ ಅಂತ ಕೇಳಿದರೆ ಎಸ್.ಆರ್. ಬೊಮ್ಮಾಯಿಯವರ ಕಥೆ ಹೇಳುತ್ತೇನೆ.

ಅವರು ಹುಟ್ಟಿದ್ದು 1924ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕಾರಡಗಿಯಲ್ಲಿ. ಸ್ವಾತಂತ್ರ್ಯ ಚಳವಳಿ ಆಯಿತು, ಏಕೀಕರಣದ ಹೋರಾಟ ಆಯಿತು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದರು. ಕ್ರಾಂತಿಕಾರಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳನ್ನು ಮನಸ್ಸಿಟ್ಟು ಓದಿಕೊಂಡವರು. 1967ರಲ್ಲಿ ಕುಂದಗೋಳದಿಂದ ಗೆದ್ದು ವಿಧಾನಸಭೆಗೆ ಬಂದರು. ಆಮೇಲೆ ಹುಬ್ಬಳ್ಳಿ ಗ್ರಾಮೀಣ ಅವರ ಕ್ಷೇತ್ರವಾಯಿತು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

ಅಲ್ಲಿಂದ ಎಂಟು ತಿಂಗಳು. 1989ರ ಏಪ್ರಿಲ್‌ನಲ್ಲಿ ಸಂಪುಟ ವಿಸ್ತರಣೆ ಮಾಡಿದರು. ಎರಡೇ ದಿನಕ್ಕೆ ಒಬ್ಬ ಶಾಸಕರು ಪಕ್ಷ ಬಿಟ್ಟರು. ಬೆಂಬಲ ವಾಪಸ್ ಎಂದು ಬರೆದಿದ್ದ 19 ಪತ್ರಗಳನ್ನು ರಾಜ್ಯಪಾಲರ ಕೈಗೆ ಕೊಟ್ಟರು. ಸರ್ಕಾರಕ್ಕೆ ಬಹುಮತ ಇಲ್ಲ ಎಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನ, ಅಂದರೆ ಏಪ್ರಿಲ್ 20ಕ್ಕೆ, ಆ 19 ಜನರಲ್ಲಿ ಏಳು ಜನ ಬೇರೆ ಪತ್ರ ಬರೆದರು. ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಂಥದ್ದನ್ನು ವಕೀಲರಾದ ನಾವು ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಪಾಲುಪಟ್ಟಿ ಕೇಸು ಅಂತಿಟ್ಟುಕೊಳ್ಳಿ. ಸಾಕ್ಷಿ ಕಟಕಟೆಗೆ ಬರುತ್ತಾರೆ. ಕಾಗದ ತೋರಿಸಿ "ಇದು ನಿಮ್ಮ ಸಹಿಯೇ?" ಅಂತ ಕೇಳುತ್ತೇವೆ. ಅವರು ಕನ್ನಡಕ ಸರಿಮಾಡಿಕೊಂಡು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, "ಸಹಿ ನಂದೇ ಸಾರ್, ಆದ್ರೆ ಓದಿ ಹೇಳ್ಲಿಲ್ಲ" ಅನ್ನುತ್ತಾರೆ. ನಿಜ ಇರಬಹುದು, ಸುಳ್ಳೂ ಇರಬಹುದು. ಮನೆಯಲ್ಲಿ ಕೂತು ಯಾರಿಂದಲೂ ಅದನ್ನು ತೀರ್ಮಾನ ಮಾಡಲು ಆಗುವುದಿಲ್ಲ. ಆ ಮನುಷ್ಯ ಎಲ್ಲರ ಮುಂದೆ ನಿಂತು ಹೇಳಬೇಕು, ಎದುರಿನವರು ಪಾಟೀಸವಾಲು ಮಾಡಬೇಕು. ಕಾಗದಕ್ಕೆ ಪಾಟೀಸವಾಲು ಮಾಡೋಕಾಗಲ್ಲ, ಅಲ್ವಾ?

ಬೊಮ್ಮಾಯಿ ಕೇಳಿದ್ದೂ ಅದನ್ನೇ. ತಮ್ಮ ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. ಸದನ ಕರೆಯುತ್ತೇವೆ, ಅಲ್ಲೇ ಬಹುಮತ ತೋರಿಸುತ್ತೇವೆ ಅಂದರು. ಏಪ್ರಿಲ್ 27ಕ್ಕೆ ಅಧಿವೇಶನ ಇತ್ತು, ಬೇಕಾದರೆ ಇನ್ನೂ ಮುಂಚೆ ಕರೆಯೋಣ ಅಂದರು. ರಾಷ್ಟ್ರಪತಿಗೂ ಟೆಲೆಕ್ಸ್ ಕಳಿಸಿದರು. ರಾಜ್ಯಪಾಲರು ಒಪ್ಪಲಿಲ್ಲ. ಅವತ್ತೇ ಎರಡನೇ ವರದಿ ಹೋಯಿತು. ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು, ರಾಷ್ಟ್ರಪತಿ ಆಡಳಿತ ಬಂತು.

ಕುರ್ಚಿ ಹೋದವರು ಸಾಮಾನ್ಯವಾಗಿ ಜನರ ಮುಂದೆ ಹೋಗುತ್ತಾರೆ, ಸಭೆ ಮಾಡುತ್ತಾರೆ. ಬೊಮ್ಮಾಯಿ ಅದೇ ತಿಂಗಳು ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರದ ಆದೇಶವನ್ನು ಪ್ರಶ್ನಿಸುವ ಅರ್ಜಿ, ಹಾಕಿದರು. ರಾಷ್ಟ್ರಪತಿ ಆಡಳಿತ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಹೊರಟ ಆದೇಶವನ್ನು ಕೋರ್ಟು ಮುಟ್ಟುವುದಿಲ್ಲ ಅಂತ ತುಂಬಾ ಜನ ನಂಬಿದ್ದ ಕಾಲ ಅದು. ಹೈಕೋರ್ಟಿನ ವಿಶೇಷ ಪೀಠದಲ್ಲಿ ಸೋತರು. ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ಹೊಸ ಸರ್ಕಾರ ಬಂದಿತ್ತು. ಗೆದ್ದರೂ ಅವರ ಕುರ್ಚಿ ವಾಪಸ್ ಬರುವಂತಿರಲಿಲ್ಲ.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಕರ್ನಾಟಕದ ಸರ್ಕಾರ ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜ್ಯಪಾಲರ ಅಥವಾ ರಾಷ್ಟ್ರಪತಿಯ ಸ್ವಂತ ಅಭಿಪ್ರಾಯಕ್ಕೆ ಬಿಟ್ಟದ್ದಲ್ಲ, ಅದನ್ನು ಸದನದಲ್ಲೇ ನೋಡಬೇಕು. ರಾಷ್ಟ್ರಪತಿ ಆಡಳಿತದ ಆದೇಶವನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ, ಅಂದರೆ ತಿದ್ದುಪಡಿಯಿಂದಲೂ ಕೆಡಿಸಲಾಗದ ತಿರುಳಿನ, ಭಾಗ ಅಂತಲೂ ಇದೇ ತೀರ್ಪು ಗಟ್ಟಿಯಾಗಿ ಹೇಳಿತು. ಅದೇ ಪೀಠ 1992ರಲ್ಲಿ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳ ವಿಷಯದಲ್ಲಿ ಮಾತ್ರ ಕೇಂದ್ರದ ಕ್ರಮವನ್ನು ಎತ್ತಿಹಿಡಿಯಿತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಮುಂದೆ ಬೊಮ್ಮಾಯಿ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾದರು. 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಮಗ ಬಸವರಾಜ ಬೊಮ್ಮಾಯಿ, ಓದಿದ್ದು ಎಂಜಿನಿಯರಿಂಗ್, 2021ರಲ್ಲಿ ಮುಖ್ಯಮಂತ್ರಿಯಾದರು.

"ಎಂಎಲ್‌ಎ ಆದ ಮೇಲೂ ವಕೀಲಿ ಮಾಡಬಹುದಾ?" ಅಂತಲೂ ಜೂನಿಯರ್‌ಗಳು ಕೇಳುತ್ತಾರೆ. ಮಾಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ. ನನಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ಕೋರ್ಟಿನಲ್ಲಿ ಕಲಿತದ್ದನ್ನು ಸದನಕ್ಕೆ ಒಯ್ಯುತ್ತಾರಾ ಅನ್ನುವುದು ದೊಡ್ಡದು.

2018ರ ಮೇ ತಿಂಗಳು ನೆನಪಿದೆಯಲ್ಲ? ಯಾರಿಗೂ ಪೂರ್ತಿ ಬಹುಮತ ಇರಲಿಲ್ಲ. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅಷ್ಟು ಬೇಡ, ನಾಳೆ ಸಂಜೆ ನಾಲ್ಕು ಗಂಟೆಗೆ ಅಂದಿತು. ಮೇ 19, ಶನಿವಾರ. ಕೋರ್ಟಿಗೆ ಬೇಸಿಗೆ ರಜೆ, ನಾನು ಮನೆಯಲ್ಲಿ ಅಮ್ಮನ ಜೊತೆ ಟಿವಿ ಮುಂದೆ ಕೂತಿದ್ದೆ. ಯಡಿಯೂರಪ್ಪ ಮಾತಾಡಿ, ಮತಕ್ಕೆ ಹೋಗದೆ ರಾಜೀನಾಮೆ ಹೇಳಿ ಹೊರಟರು. "ಹಿಂಗೆ ಎಲ್ಲರ ಎದುರೇ ಲೆಕ್ಕ ಆಗ್ಬೇಕು ಅಂತ ಮಾಡಿದ್ದು ಯಾರೋ?" ಅಂತ ಅಮ್ಮ ಕೇಳಿದಳು. ನಾನು ಟಿವಿ ಸೌಂಡ್ ಕಮ್ಮಿ ಮಾಡಿ, ಆ 19 ಪತ್ರಗಳಿಂದ ಶುರು ಮಾಡಿದೆ.