ಗಾಳಿ ಮಾರ್ತೀಯಂತಲ್ಲ, ಕೊಳ್ಳೋರು ಯಾರಮ್ಮಾ?

ಮದುವೆ ಮನೆಯಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ. ಈಚೆಗೆ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದರು. "ನೀವು ಗಾಳಿಯಿಂದ ಕಾರ್ಬನ್ ತೆಗೆದು ಮಾರ್ತೀರಂತಲ್ಲ. ಅದನ್ನ ಕೊಳ್ಳೋರು ಯಾರು? ಕೊಂಡು ಏನ್ ಮಾಡ್ತಾರೆ?" ಹತ್ತಿ ಇದ್ದಿದ್ದರಿಂದ ಅವರು ಬಚಾವಾದರು. ಉಳಿದವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಮೊದಲನೆಯದಾಗಿ, ನಾನು ಏನನ್ನೂ ಮಾರುವುದಿಲ್ಲ. ಅಳೆಯುವುದು ನನ್ನ ಕೆಲಸ. ಒಂದಷ್ಟು ಕಂಪನಿಗಳು ರೈತರ ಗದ್ದೆಗೆ ಕಪ್ಪು ಕಲ್ಲಿನ ಪುಡಿ ಹಾಕಿಸುತ್ತವೆ. ಆ ಗದ್ದೆಗಳ ಮಣ್ಣು, ನೀರು ಪೀಣ್ಯದಲ್ಲಿರುವ ನಮ್ಮ ಲ್ಯಾಬಿಗೆ ಬರುತ್ತವೆ. ಪುಡಿ ಎಷ್ಟು ಕರಗಿದೆ, ಅದರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಷ್ಟು ಕಡಿಮೆಯಾಗಿದೆ ಅಂತ ಲೆಕ್ಕ ಹಾಕಿ ಕೊಡುತ್ತೇವೆ. ಅಷ್ಟೇ. ಆದರೂ ನಮ್ಮ ಬಂಧುಬಳಗದಲ್ಲಿ ನಾನು 'ಗಾಳಿ ಮಾರೋ ಹುಡುಗಿ'. ತಲೆಕೂದಲು ಬೆಳ್ಳಗಾಗ್ತಾ ಬಂದರೂ ಹುಡುಗಿ.

ಕಲ್ಲಿಗೂ ಗಾಳಿಗೂ ಏನು ಸಂಬಂಧ ಅಂತ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ಮಳೆ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಕಲ್ಲನ್ನು ಕರಗಿಸುತ್ತದೆ. ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಡುಗಡೆಯಾಗಿ, ಅನಿಲವಾಗಿದ್ದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಆಗಿ ಹಳ್ಳ, ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಹತ್ತು ಸಾವಿರ ವರ್ಷಕ್ಕೂ ಜಾಸ್ತಿ ಉಳಿಯುತ್ತದೆ. ಭೂಮಿ ಇದನ್ನು ಯಾರೂ ಹೇಳದೆ ಮಾಡಿಕೊಂಡು ಬಂದಿದೆ, ಆದರೆ ತುಂಬಾ ನಿಧಾನ. ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಬೀಸಿದರೆ ಬೇಗ ಕರಗುತ್ತದೆ. ಇದಕ್ಕೆ ಬಸಾಲ್ಟ್ ಅನ್ನುವ ಕಪ್ಪು ಕಲ್ಲು ಬೇಕು. ವಿಜಯಪುರ, ಬೆಳಗಾವಿ ಕಡೆ ಎರೆಮಣ್ಣಿನ ಕೆಳಗಿರುವುದು ಅದೇ ಕಲ್ಲು. "ಹಾಗಾದ್ರೆ ಲಾಲ್‌ಬಾಗ್ ಬಂಡೆ ಪುಡಿ ಮಾಡಿ" ಅಂತ ಪ್ರತಿ ಸಲ ಒಬ್ಬರಾದರೂ ಹೇಳುತ್ತಾರೆ. ಅದು ನೈಸ್ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಅದರಲ್ಲಿ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ. ಸುಮ್ನೆ ಬಿಟ್ಟುಬಿಡಿ ಅದನ್ನ, ಪಾಪ.

ಈಗ ಪ್ರಶ್ನೆಗೆ ಬರೋಣ. ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಸಿಟ್ಟು ತರಿಸುತ್ತದೆ. ರಾಜಾಜಿನಗರದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಿದ್ದೇವೆ. ಎದುರು ಸಾಲಿನಲ್ಲಿ ದೂರದ ಸಂಬಂಧದ ಮಾವ ಒಬ್ಬರು, ರಿಟೈರಾಗಿ ವರ್ಷಗಳಾಗಿವೆ, ದನಿ ಮಾತ್ರ ಇನ್ನೂ ಆಫೀಸಿನಲ್ಲಿದ್ದಂತೆ. ಹೋಳಿಗೆಗೆ ತುಪ್ಪ ಬೀಳುವುದಕ್ಕೂ ಇವರು ಶುರು ಮಾಡುವುದಕ್ಕೂ ಸರಿಹೋಯಿತು. "ನೀರು ಮಾರೋದು ನೋಡಿದ್ವಿ, ಕೆರೆ ಮಾರೋದು ನೋಡಿದ್ವಿ, ಈಗ ಗಾಳಿ. ಬೆಂಗಳೂರಲ್ಲಿ ಏನ್ ಬೇಕಾದ್ರೂ ಖರ್ಚಾಗತ್ತೆ ಬಿಡಿ!" ಇಡೀ ಪಂಕ್ತಿ ನಕ್ಕಿತು. "ಅಲ್ಲಮ್ಮಾ, ಕೊಂಡೋರು ಅದನ್ನ ಎಲ್ಲಿಟ್ಕೋತಾರೆ? ಗೋಡೌನಲ್ಲಾ?"

ನಾನು ಕೇಳಿದೆ, "ಮಾವ, ನಿಮ್ಮನೆ ಕಸ ಯಾರು ಕೊಳ್ತಾರೆ?"

"ಕಸ ಯಾರ್ ಕೊಳ್ತಾರೆ? ಆಟೋದವನು ಬಂದು ಎತ್ಕೊಂಡ್ ಹೋಗ್ತಾನೆ."

"2025ರಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕಾನೂ ಕಟ್ತಿದ್ದೀರಲ್ವಾ? ದುಡ್ಡು ಕೊಟ್ಟು ಕೊಂಡ ಆ ಕಸ ಎಲ್ಲಿಟ್ಟಿದ್ದೀರಿ? ಗೋಡೌನಲ್ಲಾ?"

ಗೆದ್ದೆ ಅಂದುಕೊಂಡೆ. ಎಲ್ಲಿ! ಮಾವನಿಗೆ ಕಸದ ಶುಲ್ಕ ಅಂದ ಕೂಡಲೇ ಮೈಯೆಲ್ಲ ಉರಿಯಿತು. ಮಜ್ಜಿಗೆ ಬರುವ ತನಕ ಪಾಲಿಕೆಯ ಜನ್ಮ ಜಾಲಾಡಿದರು. ಪಕ್ಕದವರೂ ಸೇರಿಕೊಂಡರು. ನನ್ನ ಉತ್ತರ ಯಾರಿಗೂ ಬೇಕಿರಲಿಲ್ಲ.

ಆದರೆ ನಾನು ಹೇಳಬೇಕಾದ್ದು ಅವರ ಸಿಟ್ಟಿನಲ್ಲೇ ಇತ್ತು. ಕಾರ್ಬನ್ ತೆಗೆಯುವುದು ಕಸ ಎತ್ತುವ ಕೆಲಸ. ದುಡ್ಡು ಕೊಟ್ಟವರಿಗೆ ವಸ್ತು ಏನೂ ಸಿಗುವುದಿಲ್ಲ. ಕಸ ಎತ್ತಿದ್ದಾರೆ ಅನ್ನುವ ಲೆಕ್ಕ ಸಿಗುತ್ತದೆ. ಮಾವ ಶುಲ್ಕ ಕಟ್ಟುತ್ತಿರುವುದು ಖುಷಿಗಲ್ಲ, ತೆರಿಗೆಯ ಜೊತೆ ಅಂಟಿಸಿದ್ದಾರೆ ಅನ್ನುವ ಕಾರಣಕ್ಕೆ. ಅದಕ್ಕೂ ಮೊದಲು ಈ ಊರಿನ ಕಸ ಲಾರಿಲಾರಿಯಾಗಿ ಊರಾಚೆಯ ಮಂಡೂರಿಗೆ ಹೋಗುತ್ತಿತ್ತು. 2014ರಲ್ಲಿ ಅಲ್ಲಿನ ಜನ ರಸ್ತೆಗಿಳಿದು ಸಾಕು ಅಂದಾಗಲೇ ನಮಗೆ ಕಸ ಅಂದರೆ ಖರ್ಚು ಅಂತ ಗೊತ್ತಾದದ್ದು. ಗಾಳಿಗೆ ಬಿಟ್ಟದ್ದರ ವಿಷಯದಲ್ಲಿ ರಸ್ತೆಗಿಳಿಯುವ ಮಂಡೂರು ಇಲ್ಲ, ಶುಲ್ಕ ಹಾಕುವ ಪಾಲಿಕೆಯೂ ಇಲ್ಲ. ಹಾಗಿದ್ದ ಮೇಲೆ ಕೊಳ್ಳೋರು ಎಲ್ಲಿಂದ ಬಂದರು? ಅದು ಒಳ್ಳೆಯ ಪ್ರಶ್ನೆ. ಮಾವ ಕೇಳಿದ್ದು ಅದಲ್ಲ ಬಿಡಿ.

ಒಂದಷ್ಟು ದೊಡ್ಡ ಕಂಪನಿಗಳು ಒಟ್ಟಿಗೆ ಕೂತು, ಇಲ್ಲದ ಸಂತೆಯನ್ನು ಬೇಕೆಂದೇ ಕಟ್ಟಿದವು. 2022ರ ಏಪ್ರಿಲ್‌ನಲ್ಲಿ ಸ್ಟ್ರೈಪ್, ಆಲ್ಫಾಬೆಟ್, ಶಾಪಿಫೈ, ಮೆಟಾ, ಮೆಕಿನ್ಸೆ ಸೇರಿ ಫ್ರಾಂಟಿಯರ್ ಅನ್ನುವ ಕೊಳ್ಳುವವರ ಕೂಟ ಶುರು ಮಾಡಿದವು. 2030ರೊಳಗೆ 92.5 ಕೋಟಿ ಡಾಲರ್‌ನಷ್ಟು ಕಾರ್ಬನ್ ತೆಗೆಸುತ್ತೇವೆ ಅಂತ ಮೊದಲೇ ಮಾತು ಕೊಟ್ಟವು. ಮರು ವರ್ಷ ಜೆಪಿ ಮೋರ್ಗನ್, ಎಚ್ ಅಂಡ್ ಎಂ ಥರದವರೂ ಬಂದರು. ಮಾತು ಕೊಟ್ಟ ದಿನ ಅಷ್ಟು ಸರಕು ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ. ಇಲ್ಲದ ಸರಕಿಗೆ ಗಿರಾಕಿ ಮೊದಲೇ ನಿಂತರೆ ಮಾಡುವವನಿಗೆ ಧೈರ್ಯ ಬರುತ್ತದೆ. ಹತ್ತು ಕಂಪನಿ ಹತ್ತು ಥರ ಕರಾರು ಮಾಡಿದರೆ ಯಾವ ಬ್ಯಾಂಕಿಗೂ ನಂಬಿಕೆ ಬರಲ್ಲ. ಎಲ್ಲ ಸೇರಿ ಒಂದೇ ಕರಾರು ಮಾಡಿದರೆ ಅದನ್ನು ಹಿಡಿದುಕೊಂಡು ಸಾಲ ಕೇಳಬಹುದು. ವಿಜ್ಞಾನ ಗೊತ್ತಿರುವವರನ್ನು ಒಬ್ಬೊಬ್ಬರೂ ಬೇರೆಬೇರೆಯಾಗಿ ಹುಡುಕುವ ಬದಲು ಒಂದೇ ತಂಡ ಎಲ್ಲರ ಪರವಾಗಿ ತೂಗಿ ನೋಡುತ್ತದೆ.

ಈ ಉಪಾಯ ಇವರದ್ದೂ ಅಲ್ಲ. ಲಸಿಕೆಯವರಿಂದ ಬಂದದ್ದು. ಬಡ ದೇಶಗಳ ಮಕ್ಕಳಿಗೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಸ್ ಲಸಿಕೆ ಮಾಡಿದರೆ ಕೊಳ್ಳುವವರಿಲ್ಲ ಅಂತ ಕಂಪನಿಗಳು ಕೈ ಹಾಕುತ್ತಿರಲಿಲ್ಲ. ಇಟಲಿ, ಬ್ರಿಟನ್, ಕೆನಡಾ, ರಷ್ಯಾ, ನಾರ್ವೆ ಮತ್ತು ಗೇಟ್ಸ್ ಫೌಂಡೇಶನ್ ಸೇರಿ 150 ಕೋಟಿ ಡಾಲರ್ ಇಟ್ಟು, ನೀವು ಮಾಡಿ ನಾವು ಕೊಳ್ಳುತ್ತೇವೆ ಅಂದವು. 2009ರಲ್ಲಿ ಅದು ಜಾರಿಗೆ ಬಂತು. ನಮ್ಮಲ್ಲೂ ಆ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಇಡೀ ದೇಶಕ್ಕೆ ಬಂತು. ಈಗ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತನ್ನದೇ ಲಸಿಕೆ ಮಾಡುತ್ತದೆ. ಮಾವನ ಮೊಮ್ಮಗನ ತೊಡೆಗೆ ಆ ಸೂಜಿ ಚುಚ್ಚಿದಾಗ, ಇದನ್ನು ಕೊಂಡವರು ಯಾರು ಅಂತ ಅವರು ಕೇಳಲಿಲ್ಲ.

ಬೆಲೆಯ ಮಾತು ಬಂದರೆ ನಾನೂ ಸ್ವಲ್ಪ ತಗ್ಗುತ್ತೇನೆ, ಯಾಕೆಂದರೆ ಬೆಲೆ ನಿಜಕ್ಕೂ ಜಾಸ್ತಿ. 2023ರ ಕೊನೆಯಲ್ಲಿ ಫ್ರಾಂಟಿಯರ್ ಕಡೆಯವರು ಲಿಥೋಸ್ ಅನ್ನುವ ಅಮೆರಿಕದ ಕಂಪನಿ ಜೊತೆ ಕಲ್ಲಿನ ಪುಡಿಯ ಕರಾರು ಮಾಡಿದರು. 1,54,240 ಟನ್‌ಗೆ 5.71 ಕೋಟಿ ಡಾಲರ್. ಟನ್ನಿಗೆ ಸುಮಾರು 370 ಡಾಲರ್, ಆಗಿನ ಲೆಕ್ಕದಲ್ಲಿ 30 ಸಾವಿರ ರೂಪಾಯಿ. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಮಾವನಿಗೆ 60 ಸಾವಿರದ ಬಿಲ್ ಕಳಿಸಿದರೆ ಕಸದ ಶುಲ್ಕವನ್ನು ಮುದ್ದಾಡುತ್ತಾರೆ. ನೂರು ಡಾಲರ್ ಒಳಗೆ ಬರಬೇಕು ಅನ್ನುವುದು ಗುರಿ. ಆಗುವುದೇ ಇಲ್ಲ ಅನ್ನುವವರು ಸೋಲಾರ್ ನೆನಪಿಸಿಕೊಳ್ಳಲಿ. ನಮ್ಮ ರಾಷ್ಟ್ರೀಯ ಸೋಲಾರ್ ಮಿಷನ್‌ನ ಮೊದಲ ಹರಾಜಿನಲ್ಲಿ, 2010ರಲ್ಲಿ, ಅತಿ ಕಡಿಮೆ ಬೆಲೆ ಯೂನಿಟ್ಟಿಗೆ 10.95 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44. ಖಾತ್ರಿ ಗಿರಾಕಿ ಇದ್ದದ್ದೂ ಅದಕ್ಕೆ ಒಂದು ಕಾರಣ. ಕಲ್ಲಿನ ಪುಡಿ ಇಷ್ಟು ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಬೀಸುವುದಕ್ಕೆ ಕರೆಂಟು ಬೇಕು, ಸಾಗಿಸುವುದಕ್ಕೆ ಡೀಸೆಲ್ ಬೇಕು, ಒಂದು ಟನ್ ತೆಗೆಯಲು ಕಡಿಮೆ ಅಂದರೂ ಮೂರ್ನಾಲ್ಕು ಟನ್ ಪುಡಿ ಬೇಕು.

ಇನ್ನೊಂದು ಗುಂಪಿದೆ. ಇವರು ನಗುವುದಿಲ್ಲ, ಹುಬ್ಬು ಗಂಟಿಕ್ಕುತ್ತಾರೆ. "ದೊಡ್ಡ ಕಂಪನಿಗಳು ಪಾಪ ತೊಳ್ಕೊಳ್ಳೋಕೆ ಮಾಡೋ ನಾಟಕ ಇದು." ಸ್ವಲ್ಪ ನಿಜ. ಆದರೆ ಲೆಕ್ಕ ನೋಡಿ. ಕಲ್ಲಿದ್ದಲು, ಪೆಟ್ರೋಲು, ಸಿಮೆಂಟಿನಿಂದ ಪ್ರಪಂಚ ವರ್ಷಕ್ಕೆ ಬಿಡುವುದು 3,700 ಕೋಟಿ ಟನ್ ಆಸುಪಾಸು. ಕಾಡು ಬೆಳೆಸುವುದನ್ನು ಬಿಟ್ಟು, ಈ ಹೊಸ ದಾರಿಗಳೆಲ್ಲ ಸೇರಿ ತೆಗೆಯುತ್ತಿದ್ದದ್ದು ವರ್ಷಕ್ಕೆ 13 ಲಕ್ಷ ಟನ್ ಅಂತ 2024ರ ವರದಿ ಹೇಳಿತು. ಇಷ್ಟರಲ್ಲಿ ಯಾರ ಪಾಪವೂ ತೊಳೆಯುವುದಿಲ್ಲ. ಬಿಡುವುದನ್ನು ನಿಲ್ಲಿಸುವುದೇ ಮೊದಲು. ಎಷ್ಟು ನಿಲ್ಲಿಸಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ, ಅದಕ್ಕೆ ಇದು ಬೇಕು ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2022ರಲ್ಲಿ ಸ್ಪಷ್ಟವಾಗಿ ಬರೆಯಿತು. ನನಗೆ ಭಯ ಇರುವುದು ಬೇರೆ ಕಡೆ. ಈ ಸಂತೆಯಲ್ಲಿ ಮೈಕ್ರೋಸಾಫ್ಟ್ ಒಂದೇ ಉಳಿದವರೆಲ್ಲರಿಗಿಂತ ಎಷ್ಟೋ ಜಾಸ್ತಿ ಕೊಂಡಿದೆ. ಅದು ಕೈ ಹಿಂದಕ್ಕೆ ತೆಗೆದರೆ ಅರ್ಧ ಜನ ಮನೆಗೆ. ಸಮುದ್ರದಲ್ಲಿ ಕೆಲಸ ಮಾಡುತ್ತಿದ್ದ ರನ್ನಿಂಗ್ ಟೈಡ್ ಅನ್ನುವ ಅಮೆರಿಕದ ಕಂಪನಿ ಸಾಕಷ್ಟು ಗಿರಾಕಿ ಇಲ್ಲದೆ 2024ರಲ್ಲಿ ಬಾಗಿಲು ಹಾಕಿತು.

ಇಷ್ಟೆಲ್ಲ ಕೇಳುವ ಜನ ಒಂದನ್ನು ಮಾತ್ರ ಕೇಳುವುದಿಲ್ಲ. "ತೆಗೆದಿದ್ದೀರಿ ಅಂತ ಹೇಗೆ ಗೊತ್ತು? ಅದನ್ನ ಹೇಳೋ ನಿನಗೆ ಸಂಬಳ ಯಾರು ಕೊಡ್ತಾರೆ?"

ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳದ್ದರಿಂದ ನಾನೇ ಹೇಳುತ್ತೇನೆ.

ಒಂದು ಗದ್ದೆ ತಗೊಳ್ಳಿ. ಪುಡಿಯನ್ನು ಬುಟ್ಟಿಯಲ್ಲಿ ತಂದು ಕೈಯಲ್ಲಿ ಎರಚಿದ್ದಾರೆ. ಬದುವಿನ ಹತ್ತಿರ ದಪ್ಪ, ನಡುವೆ ತೆಳ್ಳಗೆ. ಒಂದು ಮೂಲೆಯಲ್ಲಿ ಚೀಲ ಹರಿದು ಗುಡ್ಡೆ ಬಿದ್ದಿದೆ. ನಮ್ಮ ಹುಡುಗರು ಗೇಣುದ್ದ ಆಳಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆಯುತ್ತಾರೆ. ಆ ಗುಡ್ಡೆಯ ಮೇಲೆ ತೆಗೆದರೆ ಒಂದು ಕಥೆ, ನಾಲ್ಕು ಹೆಜ್ಜೆ ಆಚೆ ತೆಗೆದರೆ ಇನ್ನೊಂದು. ಲ್ಯಾಬಿನಲ್ಲಿ ನೋಡುವುದು ಹೀಗೆ: ಕಲ್ಲಿನಲ್ಲಿ ಟೈಟಾನಿಯಂ ಇರುತ್ತದೆ, ಅದು ಸುಲಭಕ್ಕೆ ಕರಗುವುದಿಲ್ಲ, ಇದ್ದಲ್ಲೇ ಕೂರುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿ ಹೋಗುತ್ತವೆ. ಕೂತದ್ದು ಎಷ್ಟು, ಹೋದದ್ದು ಎಷ್ಟು ಅಂತ ಹೋಲಿಸಿದರೆ ಪುಡಿ ಎಷ್ಟು ಕರಗಿದೆ ಅಂತ ತಿಳಿಯುತ್ತದೆ. ಪುಡಿ ಹಾಕದ ಪಕ್ಕದ ಗದ್ದೆಯನ್ನೂ ಅಳೆಯಬೇಕು, ಇಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಕರಗಿತು ಅಂದ ಮಾತ್ರಕ್ಕೆ ಮುಗಿಯಲೂ ಇಲ್ಲ. ರೈತ ಯೂರಿಯಾ ಹಾಕಿರುತ್ತಾನೆ. ಅದು ಮಣ್ಣಿನಲ್ಲಿ ನೈಟ್ರಿಕ್ ಆಮ್ಲವಾಗುತ್ತದೆ. ಆ ಆಮ್ಲವೂ ಕಲ್ಲನ್ನು ಕರಗಿಸುತ್ತದೆ, ಆದರೆ ಗಾಳಿಯಿಂದ ಒಂದು ಚಿಟಿಕೆ ಕಾರ್ಬನ್ ಕೂಡ ತೆಗೆಯುವುದಿಲ್ಲ. ಮಣ್ಣು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಮೇಲೆ ಬೀಸಿದ ಕರೆಂಟು, ಲಾರಿಯ ಡೀಸೆಲ್ ಕಳೆಯಬೇಕು. ಹೊಳೆ, ಸಮುದ್ರದಲ್ಲಿ ಸ್ವಲ್ಪ ವಾಪಸ್ ಗಾಳಿಗೆ ಹೋಗುವುದನ್ನೂ ಕಳೆಯಬೇಕು. ಎಲ್ಲ ಕಳೆದು ಉಳಿದದ್ದು ಮಾರುವ ಸರಕು. ಒಂದೊಂದು ಸಲ ಏನೂ ಉಳಿಯುವುದಿಲ್ಲ. ಆಗ ಫೋನ್ ಬರುತ್ತದೆ. "ಮೇಡಂ, ಸ್ಯಾಂಪಲ್ ಇನ್ನೊಂದ್ಸಲ ನೋಡ್ತೀರಾ?" ನೋಡುತ್ತೇವೆ. ಅದೇ ಉತ್ತರ ಬರುತ್ತದೆ.

ಆ ಫೋನ್ ಮಾಡುವವರೇ ನಮಗೆ ದುಡ್ಡು ಕೊಡುವವರು. ಸರಕು ಮಾರುವವನೇ ತೂಕದವನಿಗೆ ಕೂಲಿ ಕೊಡುತ್ತಾನೆ. ಪ್ರಪಂಚದಾದ್ಯಂತ ಕಾರ್ಬನ್ ಸಂತೆಯ ಪದ್ಧತಿ ಹೆಚ್ಚುಕಡಿಮೆ ಇದೇ. ಕಾಡು ಉಳಿಸಿದ್ದೇವೆ ಅಂತ ಮಾರಿದ ಎಷ್ಟೋ ಕ್ರೆಡಿಟ್‌ಗಳು (ಇಷ್ಟು ಟನ್ ಅಂತ ಲೆಕ್ಕ ಹೇಳುವ ಪತ್ರಗಳು) ಹುಸಿ ಅಂತ ಗೊತ್ತಾಗಿ ಹೆಸರು ಕೆಟ್ಟದ್ದೂ ಇಂಥ ಪದ್ಧತಿಯಲ್ಲೇ. ನಮ್ಮ ಲ್ಯಾಬು ಪ್ರಾಮಾಣಿಕ ಅಂತ ನಾನು ಹೇಳಬಹುದು. ಹೇಳುತ್ತೇನೆ ಕೂಡ. ನೀವು ಅದನ್ನು ನಂಬಬೇಕು ಅನ್ನುವ ಸ್ಥಿತಿ ಇರಬಾರದು, ಅಷ್ಟೇ.

ಕೊಳ್ಳುವವರು ಒಟ್ಟಾಗಿರುವುದು ನನಗೆ ಮುಖ್ಯ ಅನ್ನಿಸುವುದು ಇಲ್ಲೇ. ಒಬ್ಬೊಬ್ಬರೇ ಕೊಳ್ಳುತ್ತಿದ್ದಾಗ ಸಡಿಲ ಲೆಕ್ಕ ಕೊಡುವವನಿಗೂ ಎಲ್ಲೋ ಒಬ್ಬ ಗಿರಾಕಿ ಸಿಗುತ್ತಿದ್ದ. ದೊಡ್ಡ ಗಿರಾಕಿಗಳು ಸೇರಿ "ಅಳೆದು ತೋರಿಸಿ, ಆಮೇಲೆ ದುಡ್ಡು" ಅಂದ ಮೇಲೆ ಮಾರುವವರಿಗೆ ಬೇರೆ ದಾರಿ ಇಲ್ಲ. ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 2025ರ ಏಪ್ರಿಲ್‌ನಲ್ಲಿ ಕಾರ್ಬನ್ ತೆಗೆಯುವವರಿಗೆ ಇಟ್ಟ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಗೆದ್ದ ಮಾಟಿ ಕಾರ್ಬನ್ ಅನ್ನುವ ಕಲ್ಲಿನ ಪುಡಿಯ ಸಂಸ್ಥೆ ಕೆಲಸ ಮಾಡುವುದು ಛತ್ತೀಸ್‌ಗಢದಂಥ ಕಡೆ, ಸಣ್ಣ ರೈತರ ಗದ್ದೆಗಳಲ್ಲಿ. ಅದೇ ವರ್ಷ ಜನವರಿಯಲ್ಲಿ ಗೂಗಲ್ ವರಾಹ ಅನ್ನುವ ಭಾರತದ ಕಂಪನಿಯಿಂದ ಒಂದು ಲಕ್ಷ ಟನ್ ಕೊಳ್ಳಲು ಒಪ್ಪಿತು, ಅದು ಬಯೋಚಾರ್, ಅಂದರೆ ಗಿಡಗಂಟಿಯ ತ್ಯಾಜ್ಯದಿಂದ ಮಾಡಿದ ಇದ್ದಿಲು. ಸರಕಾರದ ಕಾರ್ಬನ್ ಕ್ರೆಡಿಟ್ ಯೋಜನೆ 2023ರಲ್ಲೇ ಪ್ರಕಟವಾಗಿದೆ, ಅದರ ಗಮನ ಸದ್ಯಕ್ಕೆ ಕಾರ್ಖಾನೆಗಳು ಬಿಡುವುದನ್ನು ಕಡಿಮೆ ಮಾಡಿಸುವುದರ ಮೇಲಿದೆ.

ನನ್ನ ಆಸೆ ಕೇಳಿದರೆ ಹೇಳುತ್ತೇನೆ. ಕೊಳ್ಳುವವರೆಲ್ಲ ಟನ್ನಿಗೆ ಇಷ್ಟು ಅಂತ ಒಂದು ಹುಂಡಿಗೆ ಹಾಕಲಿ. ಲ್ಯಾಬುಗಳಿಗೆ ಆ ಹುಂಡಿಯಿಂದ ದುಡ್ಡು ಬರಲಿ. ಯಾವ ಗದ್ದೆ ಯಾವ ಲ್ಯಾಬಿಗೆ ಅನ್ನುವುದನ್ನು ಚೀಟಿ ಎತ್ತಿ ಹಂಚಲಿ. ಮಾರುವವನಿಗೆ ನಮ್ಮ ನಂಬರ್ರೇ ಗೊತ್ತಿರಬಾರದು. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ನಮ್ಮ ಬಾಸ್, "ಹಂಗಾದ್ರೆ ನಮಗೆ ಕೆಲಸ ಬರತ್ತೆ ಅಂತ ಏನ್ ಗ್ಯಾರಂಟಿ?" ಅಂದರು. ಗ್ಯಾರಂಟಿ ಇಲ್ಲ ಸಾರ್ ಅಂದೆ. ಮುಂದಿನ ವಿಷಯಕ್ಕೆ ಹೋದರು. ಮುಂದಿನ ಮೀಟಿಂಗಿನಲ್ಲಿ ಮತ್ತೆ ಎತ್ತುತ್ತೇನೆ.